ಮಲಗಿದ ಮುಖ

ಎಚ್ಚರವಾದ ಮೇಲೂ ತೆಬಾಲ್ದೊ ಹಾಸಿಗೆಯಲ್ಲಿ ಅಂಗಾತ ಮಲಗಿಯೇ ಇದ್ದು ಎರಡೂ ಕೈಗಳಿಂದ ತನ್ನ ಗಲ್ಲಗಳನ್ನು ಮುಟ್ಟಿ ನೋಡಿಕೊಂಡ. ಮಾಂಸವೆಲ್ಲ ಕಿವಿಗಳ ಕಡೆ ಸರಿದು ಹೋಗಿತ್ತು. ಕೆನ್ನೆಯ ಮೂಳೆ ಚೂಪಾಗಿ ಬೆರಳಿಗೆ ಹತ್ತುತ್ತಿತ್ತು, ಬಾಯಿಯ ಅಕ್ಕಪಕ್ಕದ ಗೆರೆಗಳು ಮಾಯವಾಗಿದ್ದವು; ಐವತ್ತು ದಾಟಿದ ಶಿಲ್ಪಿಯ ಮುಖ ಯಾವನೋ ದಂಡನಾಯಕನದಾಗಿತ್ತು. ಎದ್ದು ಕೂತ. ಗಲ್ಲಗಳು ಮೆಲ್ಲಗೆ ಇಳಿದು ತಮ್ಮ ಜಾಗಕ್ಕೆ ಬಂದವು. ಮತ್ತೆ ಮಲಗಿದ, ಮತ್ತೆ ಎದ್ದ. ಪಕ್ಕದಲ್ಲಿದ್ದ ಹೆಂಡತಿ ಬೀಚೆ ಕಣ್ಣು ಬಿಡದೆಯೇ, "ಏನ್ರೀ ಅದು, ಬೆಳಬೆಳಗ್ಗೆ ಹಾಸಿಗೇಲಿ ಕಸರತ್ತು?" ಎಂದಳು. ಏನೂ ಇಲ್ಲ ಎಂದು ಅವನು ಗೋಡೆಯ ಕಡೆ ಹೊರಳಿದ. ಹೊರಳಿದೊಡನೆ ಒಂದು ಗಲ್ಲ ದಿಂಬಿಗೆ ಅಂಟಿಕೊಂಡು ಇನ್ನೊಂದು ಮೂಗಿನ ಕಡೆಗೆ ಜಾರಿತು. ಮುಖ ಎನ್ನುವುದು ಇಷ್ಟು ನಂಬಿಕೆಗೇಡಿ ಎಂದು ಗೊತ್ತಿದ್ದೂ ಇಷ್ಟು ವರ್ಷ ಅದನ್ನೇ ನಂಬಿ ಹೊಟ್ಟೆ ಹೊರೆದೆನಲ್ಲ ಎಂದು ಅವನಿಗೆ ನಗು ಬಂತು. ನಗು ಪೂರ್ತಿಯಾಗುವ ಮೊದಲೇ ಇವತ್ತು ಯಾವ ದಿನ ಎಂಬುದು ನೆನಪಾಯಿತು.

ಇವತ್ತು ದೊರೆಸಾನಿ ಅವನ ಕಾರ್ಯಶಾಲೆಗೆ ಬರುವ ದಿನ. ಕಳೆದ ವರ್ಷ ಸಂತ ಮಾರ್ತೀನೊನ ಹಬ್ಬದ ಹೊತ್ತಿಗೆ, ಹೊಸ ದ್ರಾಕ್ಷಾರಸದ ಪೀಪಾಯಿಗಳನ್ನು ತೆರೆಯುವ ವಾರದಲ್ಲಿ, ಅವಳ ಗಂಡ, ವಲ್ಮಾರದ ಮುದಿ ದೊರೆ ರಾನ್ಯೇರೊ ತೀರಿಕೊಂಡಿದ್ದ. ಅವನ ಅಮೃತಶಿಲೆಯ ಅರ್ಧಪ್ರತಿಮೆ ಈಗ ಕೆಲಸ ಮುಗಿದು ಬಟ್ಟೆ ಹೊದ್ದು ನಿಂತಿತ್ತು. ಎದೆಗವಚ, ಕವಚದ ನಡುವೆ ಹಾವುಗೂದಲಿನ ಹೆಣ್ಣಿನ ತಲೆ, ಎಡಹೆಗಲ ಮೇಲೆ ಹಳೆಯ ರೋಮನ್ನರ ಹಾಗೆ ಗಂಟು ಹಾಕಿದ ನಿಲುವಂಗಿ, ಬಲಗೈಯಲ್ಲಿ ಸೇನಾದಂಡ. ಆದರೆ ವಲ್ಮಾರದಲ್ಲಿ ಅಷ್ಟಕ್ಕೇ ದೊರೆಯ ಪ್ರತಿಮೆ ದೊರೆಯಾಗುವುದಿಲ್ಲ. ಸತ್ತವನೊಡನೆ ಒಂದೇ ಸೂರಿನಡಿ ಬಾಳಿದವರು ಯಾರಾದರೂ ಬಂದು, ಸಾಕ್ಷಿಗಳ ಎದುರು ಅದರ ಮೇಲೆ ಕೈಯಿಟ್ಟು, 'ಇವರನ್ನು ನಾನು ಬಲ್ಲೆ' ಎನ್ನಬೇಕು. ಒಂದೇ ಸಲ ಹೇಳುವ ಮಾತು ಅದು. ಹೇಳಿದರೆ ಆ ಕಲ್ಲೇ ಅವನು. ಗೋರಿಯ ಮೇಲಿನ ಗೂಡಿಗೆ ಏರುತ್ತಾನೆ. ಹೇಳದಿದ್ದರೆ ಕಲ್ಲು ಮತ್ತೆ ಕಲ್ಲು. ತೆಬಾಲ್ದೊನ ಅಜ್ಜನ ಕಾಲದಲ್ಲಿ ಒಬ್ಬ ದೊರೆಯ ತಂಗಿ ಕೈ ಹಿಂದಕ್ಕೆಳೆದುಕೊಂಡಳಂತೆ. ಆ ಪ್ರತಿಮೆಯನ್ನು ಸೀಳಿ ಮೀನುಪೇಟೆಗೆ ಮೆಟ್ಟಿಲು ಮಾಡಿದ್ದರು. ಕೆಳಗಿನ ಮೆಟ್ಟಿಲ ಅಂಚಿನಲ್ಲಿ ಈಗಲೂ ಒಂದು ಕಿವಿ ಕಾಣುತ್ತದೆ, ಹೆಂಗಸರು ಅದರ ಮೇಲೆ ಬುಟ್ಟಿ ಇಳಿಸುತ್ತಾರೆ. ಚಿಕ್ಕಂದಿನಿಂದ ತೆಬಾಲ್ದೊ ಆ ಕಿವಿಯನ್ನು ತುಳಿಯದೆ ದಾಟುತ್ತ ಬಂದವನು. ಊರಿನ ಶಿಲ್ಪಿಗಳಿಗೆಲ್ಲ ಇರುವ ಹೆದರಿಕೆ ಆ ಕಿವಿಯದು. ಅವನಿಗೆ ಇವತ್ತು ಹತ್ತಿದ ಹೆದರಿಕೆ ಮಾತ್ರ ಬೇರೆ: ದೊರೆಸಾನಿ ಎಲ್ಲಿ ಆ ಮಾತನ್ನು ಹೇಳಿಬಿಡುತ್ತಾಳೋ ಎಂದು.

ಬೀಚೆ ಬಿಸಿ ಕಡಲೆಯ ಗಂಜಿಯನ್ನೂ ರೊಟ್ಟಿಯನ್ನೂ ಮುಂದಿಟ್ಟು, ಒಳ್ಳೆಯ ಅಂಗಿ ಹಾಕಿಕೊಳ್ಳಿ, ಉಗುರೊಳಗಿನ ಮಣ್ಣು ತೆಗೆದುಕೊಳ್ಳಿ ಎಂದೆಲ್ಲ ಹೇಳುತ್ತಿದ್ದಳು. ದೊರೆ ಬದುಕಿದ್ದಾಗ ಇದೇ ಬೀಚೆ, ಹಬ್ಬದ ದಿನ ಅರಮನೆಯ ಮೆಟ್ಟಿಲ ಮೇಲೆ ಆ ದಪ್ಪ ಮನುಷ್ಯ ಸೇನಾದಂಡ ಹಿಡಿದು ನಿಂತದ್ದನ್ನು ನೋಡಿ, ರೊಟ್ಟಿಯಂಗಡಿಯವನು ಲಟ್ಟಣಿಗೆ ಹಿಡಿದ ಹಾಗಿದೆ ಎಂದು ಸೆರಗಿನೊಳಗೆ ನಕ್ಕಿದ್ದಳು. ಊರೇ ನಗುತ್ತಿತ್ತು, ಅದೂ ಪ್ರೀತಿಯಿಂದಲೇ. ಗಲ್ಲದೊರೆ ಎಂದು ಹೆಸರಿಟ್ಟಿದ್ದರು. ಒಂದು ಕಿವಿ ಮಂದವಾದ್ದರಿಂದ ಅವನು ಯಾರು ಮಾತಾಡಿದರೂ ಬಗ್ಗುತ್ತಿದ್ದ. ಕುದುರೆಯ ಮೇಲಿದ್ದರೂ ಬಗ್ಗಿ ತರಕಾರಿ ಮಾರುವವಳ ಬಾಯಿಯ ಹತ್ತಿರ ಕಿವಿ ತರುತ್ತಿದ್ದ. ಇದೆಲ್ಲ ತೆಬಾಲ್ದೊನಿಗೆ ಚೆನ್ನಾಗಿ ಗೊತ್ತು. ಬಗ್ಗುತ್ತಿದ್ದದ್ದು ಗೊತ್ತು, ಸದಾ ಸೋಂಪು ಅಗಿಯುತ್ತಿದ್ದದ್ದು ಗೊತ್ತು, ಮಾತು ಕೇಳಿಸದಿದ್ದಾಗ ಕೇಳಿಸಿತೆಂದು ತಲೆ ಆಡಿಸುತ್ತಿದ್ದದ್ದೂ ಗೊತ್ತು. ಇದನ್ನೆಲ್ಲ ಮಾಡುತ್ತಿದ್ದ ಮುಖ ಮಾತ್ರ ನೆನಪಿಗೆ ಬರುವುದಿಲ್ಲ. ಬರಬೇಕಾದ ಜಾಗದಲ್ಲಿ, ದೊರೆ ಸತ್ತ ದಿನ ತಾನೇ ತೆಗೆದ ಸುಣ್ಣದ ಅಚ್ಚಿನ ಮುಖ ಬಂದು ಕೂರುತ್ತದೆ. ಲಟ್ಟಣಿಗೆಯ ಮಾತನ್ನು ಬೀಚೆಗೆ ನೆನಪಿಸಿದ. ಅವಳು ಗಾಬರಿಯಿಂದ ಬಾಗಿಲ ಕಡೆ ನೋಡಿ, "ನಾನ್ಯಾವಾಗ ಅಂದೆ? ಎಂಥಾ ಗಂಭೀರವಾದ ಮುಖ ಅವರದು, ಊರಿಗೆಲ್ಲ ಗೊತ್ತು," ಎಂದಳು. ಸುಳ್ಳು ಹೇಳುತ್ತಿಲ್ಲ ಎಂಬುದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು. ಅವನು ಗಂಜಿಯ ಬಟ್ಟಲನ್ನು ಸರಿಸಿ ಎದ್ದ.

ದಾರಿಯಲ್ಲಿ ಕೋಟೆಯ ಬಾಗಿಲ ಮೇಲೂ ಅದೇ ಮುಖ. ಅಚ್ಚಿನಿಂದ ತೆಗೆದ ಸುಟ್ಟ ಮಣ್ಣಿನ ತಲೆಗಳನ್ನು ಹೊಸ ದೊರೆ ಮಾನ್‌ಫ್ರೆದೊ, ಎಂದರೆ ತೀರಿಕೊಂಡವನ ಮಗ, ಊರಿನ ಎಲ್ಲ ಬಾಗಿಲುಗಳ ಮೇಲೂ ಇಡಿಸಿದ್ದ. ಕಾವಲಿನವರು ಅದಕ್ಕೆ ಈಟಿ ಎತ್ತಿ ವಂದಿಸುತ್ತಿದ್ದರು. ಬದುಕಿದ್ದವನಿಗೆ ಅವರು ಹೀಗೆ ನೆಟ್ಟಗೆ ನಿಂತು ವಂದಿಸಿದ್ದನ್ನು ತೆಬಾಲ್ದೊ ನೋಡಿರಲಿಲ್ಲ. ಬಾಗಿಲ ಬುಡದಲ್ಲಿ ಕೂತು ಚೆಸ್ಟ್‌ನಟ್ ಕಾಯಿ ಸುಡುತ್ತಿದ್ದ ಮುದುಕಿಯ ಹತ್ತಿರ ನಿಂತ. ಅವಳೊಡನೆ ದೊರೆ ಎಷ್ಟೋ ಸಲ ಕುದುರೆಯಿಂದ ಬಗ್ಗಿ ಮಾತಾಡಿದ್ದ, ಕಾಯಿ ಕದ್ದು ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಂಡಿದ್ದ. ಆಗ ಅವರ ಮುಖ ಹೇಗಿರುತ್ತಿತ್ತು ಎಂದು ಕೇಳಿದ. ಮುದುಕಿ ಬಾಣಲೆಯನ್ನು ಕುಲುಕುತ್ತ ತಲೆಯೆತ್ತಿ ಬಾಗಿಲ ಮೇಲಿನ ಮಣ್ಣಿನ ತಲೆಯನ್ನು ನೋಡಿದಳು. "ಹೇಗಿರತ್ತೆ ಮೇಸ್ತ್ರಿ, ಹಾಗೇ. ನೀವೇ ಮಾಡಿದ್ದಲ್ವಾ? ಸಿಂಹ ಕಣಪ್ಪ, ಸಿಂಹ," ಎಂದಳು. ಅವನು ಕೊಂಡ ಕಾಯಿಗಳು ಅಂಗೈ ಸುಡುತ್ತಿದ್ದರೂ ಹಾಗೇ ಹಿಡಿದುಕೊಂಡು ನಡೆದ. ತಾನು ಮಾಡಿದ್ದು ಕಳವಾಗಿದ್ದರೆ ಹಿಂದಕ್ಕೆ ಕೊಡಬಹುದಿತ್ತು. ಇದು ಕದ್ದದ್ದೂ ಅಲ್ಲ, ಒಬ್ಬ ಮನುಷ್ಯನ ಮುಖವನ್ನು ಊರಿನ ಒಬ್ಬೊಬ್ಬರ ತಲೆಯೊಳಗಿನಿಂದಲೂ ಒರೆಸಿ ಹಾಕಿದ್ದು. ಒರೆಸಿದ ಬಟ್ಟೆ ಯಾರದೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿರುವವನಿಗೆ ಎಲ್ಲರೂ ಟೋಪಿ ತೆಗೆದು ನಮಸ್ಕಾರ ಹೇಳುತ್ತಾರೆ.

ಕಾರ್ಯಶಾಲೆಯ ಗೋಡೆಯ ಮೊಳೆಯಲ್ಲಿ ಸುಣ್ಣದ ಅಚ್ಚು ತೂಗುತ್ತಿತ್ತು. ಕಣ್ಣು ಮುಚ್ಚಿದ, ಕೆನ್ನೆ ಬಿಗಿದ, ತುಟಿ ಸೆಟೆದ ಮುಖ. ಸತ್ತವರ ಮುಖದ ಅಚ್ಚು ತೆಗೆಯುವುದನ್ನು ಅವನಿಗೆ ಕಲಿಸಿದ್ದು ಮುದುಕ ಚೆಕ್ಕೊ. ಬೆಳ್ಳುಳ್ಳಿ ವಾಸನೆಯ ಆ ಗುರು ಹೆಣದ ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತ ಹೇಳುತ್ತಿದ್ದ: ಮೊದಲು ಕೂರಿಸು, ಮೈ ಸೆಟೆಯುವ ಮೊದಲು ಕಂಕುಳಿಗೆ ಬಟ್ಟೆ ಕಟ್ಟಿ ಗೋಡೆಗೆ ಒರಗಿಸಿ ಕೂರಿಸು, ಮಲಗಿದವನ ಮುಖ ಅವನದಲ್ಲ, ಮಾಂಸ ಕಿವಿಯ ಕಡೆ ಓಡಿರುತ್ತದೆ, ಅದನ್ನು ನೆಟ್ಟಗೆ ನಿಲ್ಲಿಸಿದರೆ ಯಾವನೋ ಅಪರಿಚಿತ ನಿಂತ ಹಾಗಾಗುತ್ತದೆ. ತೆಬಾಲ್ದೊನಿಗೆ ಗೊತ್ತಿತ್ತು. ಆ ಬೆಳಿಗ್ಗೆ ದೊರೆಯ ಕೋಣೆಗೆ ಸುಣ್ಣದ ಬಟ್ಟಲು ಹಿಡಿದು ಹೋದಾಗಲೂ ಗೊತ್ತಿತ್ತು. ದೊರೆಯನ್ನು ಒಂದು ಗಳಿಗೆ ಎತ್ತಿ ಕೂರಿಸಬೇಕು ಎಂದು ಬಾಯಿಬಿಟ್ಟು ಹೇಳಿದ್ದ ಕೂಡ. ಅರಮನೆಯ ಪಾರುಪತ್ಯಗಾರ ಜೆರ್ವಾಸ್ಯೊ, ಅತ್ತು ಕೆಂಪಾದ ಕಣ್ಣುಗಳಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೂರಿಸಬೇಕಾ? ಹೆಂಡದಂಗಡಿ ಕುಡುಕನ್ನ ಗೋಡೆಗೆ ಒರಗಿಸ್ತಾರಲ್ಲ, ಹಾಗಾ?" ಎಂದಿದ್ದ. ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಸತ್ತವರ ಕೋಣೆಯಲ್ಲಿ ನಗು ಬಂದದ್ದು ತನ್ನಿಂದ ಎಂದು ತೆಬಾಲ್ದೊನ ಕಿವಿ ಬಿಸಿಯಾಯಿತು. ಮತ್ತೆ ಕೇಳಲಿಲ್ಲ. ಹುಬ್ಬಿಗೆ ಎಣ್ಣೆ ಹಚ್ಚಿದ, ಮಲಗಿದ್ದ ಹಾಗೆಯೇ ಸುಣ್ಣ ಸುರಿದ.

ಅವಮಾನವಷ್ಟೇ ಆಗಿದ್ದರೆ ಅದು ಮರೆತುಹೋಗುತ್ತಿತ್ತು. ಶಿಲ್ಪಿಯ ಹೊಟ್ಟೆಯಲ್ಲಿ ಅವಮಾನ ಅನ್ನಕ್ಕಿಂತ ಬೇಗ ಅರಗುತ್ತದೆ. ಅರಗದೆ ಉಳಿದದ್ದು ಆಮೇಲಿನದು. ಅಚ್ಚಿನಿಂದ ಮೊದಲ ಮಣ್ಣಿನ ತಲೆ ತೆಗೆದು ನೆಟ್ಟಗೆ ನಿಲ್ಲಿಸಿ ಅರಮನೆಯಲ್ಲಿ ತೋರಿಸಿದಾಗ ಎಲ್ಲರೂ ಉಸಿರು ಹಿಡಿದಿದ್ದರು. ಎಂಥ ತೇಜಸ್ಸು, ಎಂಥ ರಾಜಕಳೆ! ಮಾನ್‌ಫ್ರೆದೊ ಅದರ ಸುತ್ತ ಒಂದು ಸುತ್ತು ಬಂದು, ಅಪ್ಪ ಒಳಗೆ ಹೀಗಿದ್ದರು, ನಮಗೇ ಕಂಡಿರಲಿಲ್ಲ ಎಂದಿದ್ದ. ಅದೇ ಜೆರ್ವಾಸ್ಯೊ ಅವನನ್ನು ಮೊದಲ ಸಲ ಹೆಸರು ಹಿಡಿದು ಕರೆದ. ಆಗ ತೆಬಾಲ್ದೊ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ, ಏಕೆಂದರೆ ಹಿತವಾಗಿತ್ತು. ಹಿತವಾಗಿತ್ತು ಎನ್ನುವುದನ್ನು ಅವನು ಪಾದ್ರಿಯ ಎದುರೂ ಹೇಳಿರಲಿಲ್ಲ. ಮನೆಗೆ ಬಂದು ಆ ಮುಖಕ್ಕೆ ತಕ್ಕ ಮೈ ಹುಡುಕತೊಡಗಿದ. ಎದೆಗವಚ ಅದಕ್ಕೆ ತಾನಾಗಿ ಒಪ್ಪಿತು, ಹಾವುಗೂದಲ ತಲೆ ಒಪ್ಪಿತು, ದಂಡವಂತೂ ಆ ಮುಖದ ಕೆಳಗೆ ಹುಟ್ಟಿನಿಂದಲೇ ಇತ್ತೆನ್ನುವ ಹಾಗೆ ಕೂತುಕೊಂಡಿತು. ಕಲ್ಲು ಇಷ್ಟು ಸುಲಭವಾಗಿ ಅವನ ಮಾತು ಕೇಳಿದ್ದೇ ಇಲ್ಲ. ಸುಳ್ಳಿಗೆ ಎಲ್ಲವೂ ಹೊಂದಿಕೊಳ್ಳುತ್ತದೆ ಎಂದು ಈಗ ಅನ್ನಿಸುತ್ತದೆ. ಆಗ ದೇವರು ಒಲಿದ ಎಂದೇ ಅನ್ನಿಸಿತ್ತು.

ಬಟ್ಟೆ ಸರಿಸಿ ನೋಡಿದ. ಇದನ್ನು ತಿದ್ದುವಂತೆಯೂ ಇಲ್ಲ. ಅಮೃತಶಿಲೆ ಕಳೆದುಕೊಳ್ಳಬಲ್ಲುದೇ ಹೊರತು ಪಡೆಯಲಾರದು. ಕೆತ್ತಿ ತೆಗೆದ ಗಲ್ಲವನ್ನು ಯಾವ ಉಳಿಯೂ ಹಿಂದಕ್ಕೆ ತಂದುಕೊಡುವುದಿಲ್ಲ. ಹಲಗೆಯ ಮೇಲೆ ಇದ್ದಿಲಿನಿಂದ ಒಂದು ಮುಖ ಬರೆದ. ಹಣೆಯಿಂದ ಇಳಿದು ಕೆನ್ನೆಗೆ ಬಂದೊಡನೆ ಕೈ ತಾನಾಗಿ ಬಿಗಿಯಿತು, ಮೊಳೆಯ ಮೇಲಿನ ಮುಖವೇ ಬಂತು. ಅಳಿಸಿದ, ಬೇಕೆಂದೇ ದಪ್ಪಗೆ ಬರೆದ. ಯಾವನೋ ಊರ ಕಟುಕನ ಮುಖ ಬಂತು. ಕಣ್ಣು ಮುಚ್ಚಿ, ಕುದುರೆಯಿಂದ ಬಗ್ಗಿದ ಮನುಷ್ಯನನ್ನು, ಸೋಂಪಿನ ವಾಸನೆಯನ್ನು, ಕೊರಳಿನಿಂದ ತೂಗುತ್ತಿದ್ದ ಸರವನ್ನು ಒಂದೊಂದಾಗಿ ಕರೆದ. ಎಲ್ಲ ಬಂದವು. ಸರದ ಮೇಲೆ, ವಾಸನೆಯ ಹಿಂದೆ, ಸುಣ್ಣದ ಬಿಳಿ. ತೆಬಾಲ್ದೊನಿಗೆ ಅಳು ಬಂತು. ಹೊರಗೆ ಕುದುರೆಗಳ ಸದ್ದು ಕೇಳಿ ಮುಖ ಒರೆಸಿಕೊಂಡ. ಇದ್ದಿಲು ಹತ್ತಿದ ಕೈ ಎಂಬುದು ಆಮೇಲೆ ಗೊತ್ತಾಯಿತು.

ಮೊದಲು ಜೆರ್ವಾಸ್ಯೊ ಬಂದ, ಅವನ ಹಿಂದೆ ಸಾಕ್ಷಿಗಳಾಗಿ ಇಬ್ಬರು ಪಾದ್ರಿಗಳು. ಆಮೇಲೆ ಮಾನ್‌ಫ್ರೆದೊ. ಎತ್ತರದ ಗಟ್ಟಿ ಕೊರಳಪಟ್ಟಿ, ಅದರ ಮೇಲೆ ಎತ್ತಿದ ಗದ್ದ, ಎದೆಯ ಮೇಲೆ ಚಿನ್ನದ ಸರ, ಕೈಯಲ್ಲಿ ಅಪ್ಪನ ಸೇನಾದಂಡ. ಪಟ್ಟವಾದಾಗಿನಿಂದ ಅವನು ತಲೆ ತಗ್ಗಿಸಿದ್ದನ್ನು ಯಾರೂ ಕಂಡಿರಲಿಲ್ಲ. ಇಗರ್ಜಿಯಲ್ಲೂ ಕಣ್ಣನ್ನಷ್ಟೇ ತಗ್ಗಿಸುತ್ತಿದ್ದ. ತಾಯಿಯ ಹೋಲಿಕೆ ಎಂದು ಎಲ್ಲರೂ ಹೇಳುತ್ತಿದ್ದರು, ತೆಬಾಲ್ದೊನೂ ಹಾಗೇ ಅಂದುಕೊಂಡಿದ್ದ. ಕೊನೆಗೆ ಕೋಲೂರಿಕೊಂಡು ದೊರೆಸಾನಿ ಜಿಸ್ಮೊಂದ ಬಂದಳು. ತೀರ ಗಿಡ್ಡ ಹೆಂಗಸು, ಕಪ್ಪು ಬಟ್ಟೆಯೊಳಗೆ ಇನ್ನೂ ಗಿಡ್ಡವಾಗಿದ್ದಳು. ಇದ್ದಿಲು ಮೆತ್ತಿದ ಅವನ ಮುಖ ನೋಡಿ, "ಏನು ಮೇಸ್ತ್ರಿ, ಒಲೆ ಊದ್ತಿದ್ರಾ?" ಎಂದಳು. ಅವಳು ಕೂರಲೆಂದು ತಗ್ಗಿನ ಮಣೆಯೊಂದನ್ನು ಪ್ರತಿಮೆಯ ಪಕ್ಕದಲ್ಲೇ ಹಾಕಿದರು. ಅವಳು ಮೊದಲು ಕೂರಲಿಲ್ಲ. ಪ್ರತಿಮೆಯ ಎದುರು ನಿಂತು ಕೈಗವಸು ತೆಗೆದು ಕಲ್ಲಿನ ಕೆನ್ನೆಯ ಮೇಲೆ ಅಂಗೈ ಇಟ್ಟಳು.

ಅವಳ ಬೆರಳುಗಳು ಕೆನ್ನೆಯಿಂದ ಕಿವಿಗೆ, ಕಿವಿಯಿಂದ ಗದ್ದಕ್ಕೆ ಹೋದವು. ಹಿಡಿಯುವುದಕ್ಕೆ ಏನೋ ಇರಬೇಕಾಗಿದ್ದ ಜಾಗದಲ್ಲಿ ಒಂದು ಗಳಿಗೆ ನಿಂತವು. ಜೆರ್ವಾಸ್ಯೊ ಮೆಲ್ಲಗೆ ಕೆಮ್ಮಿದ. ಹೇಳಬೇಡ ತಾಯಿ ಎಂದು ತೆಬಾಲ್ದೊ ಒಳಗೊಳಗೇ ಬೇಡಿಕೊಂಡ. ಹೇಳಿದರೆ ಆ ಮನುಷ್ಯ ಇನ್ನೊಂದು ಸಲ ಸಾಯುತ್ತಾನೆ, ಈ ಸಲ ನನ್ನ ಕೈಯಿಂದ. ದೊರೆಸಾನಿ ಕೈ ತೆಗೆದು ಮಣೆಯ ಮೇಲೆ ಕೂತಳು.

"ಮೇಸ್ತ್ರಿ, ನಿಮ್ಮ ಮಣ್ಣಿನ ತಲೆ ಒಂದನ್ನ ನನ್ನ ಕೋಣೇಲೂ ಇಟ್ಟಿದಾನೆ ನನ್ನ ಮಗ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಬಂದಮೇಲೆ ಕನಸಲ್ಲೂ ಇವನೇ ಬರ್ತಾನೆ. ನನ್ನ ಗಂಡ ಬರೋದು ಬಿಟ್ಬಿಟ್ರು. ಮೊದಮೊದಲು ಇವನನ್ನ ಯಾರಪ್ಪಾ ಅಂತ ಕೇಳ್ತಿದ್ದೆ. ಈಗ ಕೇಳೋದೂ ಇಲ್ಲ. ಅದಕ್ಕೇ ಭಯ ಆಗತ್ತೆ."

ತೆಬಾಲ್ದೊ ಅವಳ ಎದುರು ನೆಲದ ಮೇಲೆ, ಕಲ್ಲಿನ ಪುಡಿಯಲ್ಲಿ ಮಂಡಿಯೂರಿದ. ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ: ಮಲಗಿದವರ ಮಾಂಸ ಕಿವಿಯ ಕಡೆ ಹೋಗುತ್ತದೆಂದು, ಕೂರಿಸಬೇಕಿತ್ತೆಂದು, ತನಗೆ ಅದು ಗೊತ್ತಿತ್ತೆಂದು. ಜೆರ್ವಾಸ್ಯೊ ಆಡಿದ ಮಾತನ್ನು ಮಾತ್ರ ಹೇಳಲಿಲ್ಲ. ಪಾರುಪತ್ಯಗಾರನ ಮುಖ ಸುಣ್ಣವಾಗಿತ್ತು, ಅಷ್ಟು ಸಾಕಾಗಿತ್ತು. ಅವನೂ ಆ ದಿನ ಅತ್ತವನೇ ಅಲ್ಲವೇ, ಮಲಗಿದ್ದ ಒಡೆಯನನ್ನು ಯಾರೂ ಅಲುಗಿಸದಿರಲಿ ಎಂದು ಅವನ ಆಸೆ ಇದ್ದಿರಬೇಕು. ಹಾಗೆ ಅನ್ನಿಸಿದ್ದು ತೆಬಾಲ್ದೊನಿಗೆ ಅದೇ ಮೊದಲು.

ಮಾನ್‌ಫ್ರೆದೊ ಹೆಜ್ಜೆ ಮುಂದಿಟ್ಟ. ಸಿಟ್ಟಿನಿಂದ ಕೊರಳ ನರ ಉಬ್ಬಿತ್ತು. ಯುದ್ಧಕ್ಕೆ ನಿಂತಾಗ ಅಪ್ಪ ಹೀಗೇ ಇದ್ದರು, ಊರೆಲ್ಲ ಈ ಮುಖಕ್ಕೆ ತಲೆ ಬಾಗುತ್ತಿದೆ, ಗಡಿಯಾಚೆಯ ರಾಯಭಾರಿಗಳು ಕೂಡ ಇದರೆದುರು ದನಿ ತಗ್ಗಿಸುತ್ತಾರೆ ಎಂದು ಹೇಳುತ್ತ ಹೋದ. ಹೇಳುತ್ತ ಹೇಳುತ್ತ ದನಿ ಯಾಕೋ ಚಿಕ್ಕ ಹುಡುಗನದಾಯಿತು. "ಅವರನ್ನ ನೋಡಿ ಎಲ್ಲರೂ ನಗ್ತಿದ್ರು, ಅಮ್ಮ. ಅವರ ಹಿಂದೆ ನಡೀತಿದ್ದೋನು ನಾನು. ನನಗೆ ಕೇಳಿಸ್ತಿತ್ತು." ಆಮೇಲೆ ತೆಬಾಲ್ದೊನ ಕಡೆ ತಿರುಗಿ, "ಹಾಗಾದ್ರೆ ನಿಜವಾದ ಮುಖ ಯಾವುದು, ಮಾಡಿ ತೋರಿಸು," ಎಂದ. ತೆಬಾಲ್ದೊ ತಲೆ ಎತ್ತದೆ, "ನೆನಪಿಲ್ಲ ಬುದ್ಧಿ. ನನಗೂ ನೆನಪಿಲ್ಲ," ಎಂದ. ಬದುಕಿದ್ದಾಗ ಯಾವ ಚಿತ್ರಕಾರನೂ ಬರೆದಿರದ ಆ ಮುಖ ಇಡೀ ಊರಿನಲ್ಲಿ ಎಲ್ಲೂ ಇಲ್ಲ ಎನ್ನುವುದು ಆಗ ಅಲ್ಲಿದ್ದವರಿಗೆಲ್ಲ ಒಟ್ಟಿಗೇ ಗೊತ್ತಾಯಿತು. ಪಾದ್ರಿಗಳಲ್ಲಿ ಒಬ್ಬ ಶಿಲುಬೆಯ ಗುರುತು ಮಾಡಿಕೊಂಡ.

ದೊರೆಸಾನಿ ಮಗನನ್ನೇ ನೋಡುತ್ತಿದ್ದಳು. ಕೂಗಾಡಿದ್ದರಲ್ಲಿ ಅವನ ಕೊರಳಪಟ್ಟಿಯ ಕೊಂಡಿ ಕಳಚಿ ಒಂದು ಕಡೆ ತೂಗುತ್ತಿತ್ತು. "ಕೊಂಡಿ ಬಿಚ್ಚಿದೆ, ಬಾ ಇಲ್ಲಿ," ಎಂದಳು. ಅವನು ಕೈಯಿಂದ ತಡಕಾಡಿದ, ಸಿಕ್ಕಲಿಲ್ಲ. "ಬಗ್ಗು." ಇವರೆಲ್ಲ ಇದ್ದಾರೆ ಅಮ್ಮ ಎಂದ ಅವನು. ಇದ್ದರೆ ಇರಲಿ, ಬಗ್ಗು ಎಂದಳು ಅವಳು. ಮಣೆ ತಗ್ಗು, ತಾಯಿ ಗಿಡ್ಡ. ಮಾನ್‌ಫ್ರೆದೊ ಸೊಂಟದಿಂದ ಬಾಗಿ ಮುಖವನ್ನು ಅವಳ ಮುಖದ ಮಟ್ಟಕ್ಕೆ ತಂದ.

ನೆಲದ ಮೇಲೆ ಮಂಡಿಯೂರಿದ್ದ ತೆಬಾಲ್ದೊ ಅದನ್ನು ಕೆಳಗಿನಿಂದ ನೋಡಿದ. ಬಿಗಿದಿದ್ದ ಕೆನ್ನೆ ಸಡಿಲಿ ಮುಂದಕ್ಕೆ ಇಳಿಯಿತು. ಗಲ್ಲಗಳು ತುಂಬಿಕೊಂಡು ಬಾಯಿಯ ಎರಡೂ ಬದಿಗೆ ಗೆರೆ ಎಳೆದವು, ಕೆಳತುಟಿ ತುಸು ಜೋತುಬಿತ್ತು, ಕಣ್ಣಿನ ಕೆಳಗಿನ ಚರ್ಮ ಉಬ್ಬಿತು. ಸರ ಎದೆಯಿಂದ ದೂರ ಸರಿದು ಗಾಳಿಯಲ್ಲಿ ತೂಗಿತು. ಎದುರಿಗಿರುವವರ ಮಾತು ಸರಿಯಾಗಿ ಕೇಳಿಸದೆ, ಕೇಳಿಸಿತೆಂದು ತೋರಿಸಿಕೊಳ್ಳಲು ಸಿದ್ಧವಾಗಿ ನಿಂತ, ತುಸು ಪೆದ್ದು, ತುಂಬ ಒಳ್ಳೆಯ ಒಂದು ಮುಖ. ತೆಬಾಲ್ದೊನಿಗೆ ಸೋಂಪಿನ ವಾಸನೆ ಬಂತು. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಸುಣ್ಣ ಬಿರುಕು ಬಿಟ್ಟ ಹಾಗಾಗಿ ಅವನು ಗಟ್ಟಿಯಾಗಿ ಉಸಿರೆಳೆದುಕೊಂಡ.

ಕೊಂಡಿಯ ಮೇಲಿದ್ದ ದೊರೆಸಾನಿಯ ಬೆರಳುಗಳು ನಿಂತುಬಿಟ್ಟಿದ್ದವು. ಕೊಂಡಿಯನ್ನು ಬಿಟ್ಟು ಎರಡೂ ಅಂಗೈಗಳಲ್ಲಿ ಆ ಗಲ್ಲಗಳನ್ನು ಹಿಡಿದಳು. ಈಗ ಹಿಡಿಯುವುದಕ್ಕೆ ಇತ್ತು. ಬಹಳ ಹೊತ್ತು ನೋಡಿದಳು.

"ಇವರನ್ನು ನಾನು ಬಲ್ಲೆ," ಎಂದಳು.

ಪಾದ್ರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೆರ್ವಾಸ್ಯೊ ಗಾಬರಿಯಿಂದ ಮುಂದೆ ಬಂದು, ದೊರೆಸಾನಿ, ಆ ಮಾತನ್ನು ಒಂದೇ ಸಲ ಹೇಳುವುದು, ಪ್ರತಿಮೆ ಆ ಕಡೆಗಿದೆ ಎಂದು ತೊದಲಿದ.

"ಒಂದೇ ಸಲ ಹೇಳಿದ್ದು ನಾನು," ಎಂದಳು ಅವಳು, ಕಣ್ಣು ತೆಗೆಯದೆ.

ಕಲ್ಲು ಕಲ್ಲಾಯಿತು. ಮೀನುಪೇಟೆಯ ಮೆಟ್ಟಿಲು, ಅದರ ಮೇಲಿನ ಕಿವಿ, ತೆಬಾಲ್ದೊನಿಗೆ ಎಲ್ಲ ಒಂದು ಗಳಿಗೆ ಕಣ್ಣಮುಂದೆ ಬಂದವು, ಆದರೆ ಭಯವಾಗಲಿಲ್ಲ. ಅವನ ಕೈ ಆಗಲೇ ಒದ್ದೆ ಬಟ್ಟೆಯ ಕೆಳಗಿದ್ದ ಮಣ್ಣಿನ ಮುದ್ದೆಯನ್ನು ಎಳೆದುಕೊಂಡಿತ್ತು. ಹೆಬ್ಬೆರಳು ಗಲ್ಲದಿಂದಲೇ ಶುರುಮಾಡಿತು.

"ಅಮ್ಮ, ಕತ್ತು ನೋಯ್ತಿದೆ," ಎಂದ ಮಾನ್‌ಫ್ರೆದೊ.

"ನೋಯ್ಲಿ. ನಿಮ್ಮಪ್ಪ ಬದುಕಿರೋವರೆಗೂ ಹೀಗೇ ಬಗ್ತಿದ್ರು. ಅವರಿಗೂ ನೋಯ್ತಿತ್ತು, ರಾತ್ರಿ ಎಣ್ಣೆ ತಿಕ್ತಿದ್ದೋಳು ನಾನು."

ಅವನು ಏಳುತ್ತಾನೆ ಎಂದು ಎಲ್ಲರೂ ಕಾದರು. ತೆಬಾಲ್ದೊನ ಬೆರಳು ಕೂಡ ಒಂದು ಕ್ಷಣ ಮಣ್ಣಿನೊಳಗೇ ತಡೆಯಿತು. ಮಾನ್‌ಫ್ರೆದೊ ಸೇನಾದಂಡವನ್ನು ಕಲ್ಲಿನ ಪುಡಿಯ ನೆಲದ ಮೇಲಿಟ್ಟು, ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿಕೊಂಡು, ಬಗ್ಗಿಯೇ ನಿಂತ.